ಇಂಪೋರ್ಟ್ ಆಗದ ಮಾಡ್ಯೂಲು

ಪ್ರೀತಿಯ ಪುಟ್ಟಿ,

ಕಂಪೈಲ್ ಸಲೀಸಾಗಿ ಮುಗಿಯುತ್ತದೆ, ಇಂಪೋರ್ಟ್ ಅಂದ ತಕ್ಷಣ ಪೈಥಾನ್ ಎರರ್ ಕೊಡುತ್ತದೆ, ಇದು ನನ್ನ ಕೈಲಾಗದ ಕೆಲಸ ಎಂದು ಬರೆದಿದ್ದೀಯ. ಆಗುತ್ತದೆ ಕಣೇ. ಪೈಥಾನ್ ಮಾಡ್ಯೂಲಿಗಾಗಿ ನೀನು ಬರೆದ ಸಿ++ ಕೋಡ್ ಪೂರ್ತಿ ಓದಿದೆ, ಲೆಕ್ಕ ಸರಿಯಿದೆ. ದಯವಿಟ್ಟು ಅದನ್ನು ಅಳಿಸಿ ಮತ್ತೆ ಬರೆಯಲು ಕೂರಬೇಡ.

ಲಿನಕ್ಸ್‌ನಲ್ಲಿ ಇಂಥ ಮಾಡ್ಯೂಲಿನ ಡಾಟ್ ಎಸ್‌ಓ ಫೈಲ್ ತಯಾರಾಗುವಾಗ, ಕೆಲವು ಫಂಕ್ಷನ್‌ಗಳು ಎಲ್ಲಿವೆ ಎಂದು ತಿಳಿಯದಿದ್ದರೂ ಲಿಂಕರ್ ತಕರಾರು ತೆಗೆಯುವುದಿಲ್ಲ. ತೆಗೆಯಲೂ ಬಾರದು, ಪೈಥಾನ್‌ನದೇ ಫಂಕ್ಷನ್‌ಗಳು ಸಹ ಲೋಡ್ ಆಗುವ ಹೊತ್ತಿಗೆ ಇಂಟರ್‌ಪ್ರಿಟರ್‌ನಿಂದ ಸಿಗಬೇಕಾದವು. ಹಾಗಾಗಿ ಬಾಕಿಯೆಲ್ಲ ಇಂಪೋರ್ಟ್ ಸಮಯದಲ್ಲೇ ಚುಕ್ತಾ ಆಗಬೇಕು.

ಎರರ್‌ನ ಕೊನೆಯ ಸಾಲನ್ನು ನಿಧಾನವಾಗಿ ಓದು. ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ ಎಂದಿದ್ದರೆ ಮನೆಯೇ ಸಿಕ್ಕಿಲ್ಲ. ಬರೀ ‘ಇಂಪೋರ್ಟ್‌ಎರರ್’ ಆದರೆ ಸಾಮಾನ್ಯವಾಗಿ ಮನೆ ಸಿಕ್ಕಿದೆ, ಬಾಗಿಲು ತೆರೆದಿಲ್ಲ. ಮೊದಲನೆಯದಾದರೆ ಮೊದಲು ಫೈಲಿನ ಹೆಸರು ನೋಡು: ‘ಸಿಪೈಥಾನ್-311’ ಎಂಬ ಗುರುತಿರುವುದನ್ನು ಪೈಥಾನ್ 3.12 ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಕ್ಸ್‌ಪೋರ್ಟ್ ಫಂಕ್ಷನ್ ಇಲ್ಲವೆಂದು ಇಂಪೋರ್ಟ್‌ಎರರ್ ದೂರಿದರೆ, ‘ಪೈಇನಿಟ್’ ಮತ್ತು ಅಂಡರ್‌ಸ್ಕೋರ್ ಆದಮೇಲಿನ ಹೆಸರು ಮಾಡ್ಯೂಲಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಪೈಥಾನ್ 2ರಲ್ಲಿ ಹೆಸರಿನ ಮುಂಚಿನ ಭಾಗ ಬರೀ ‘ಇನಿಟ್’ ಆಗಿತ್ತು. ಹಳೆಯ ಪಾಠಗಳನ್ನು ನೋಡಿ ಬರೆದವರು ಎಡವುವುದು ಇಲ್ಲೇ.

ನಿನಗೆ ಬಂದಿರುವುದು ‘ಅನ್‌ಡಿಫೈನ್ಡ್ ಸಿಂಬಲ್’, ಪಕ್ಕದಲ್ಲಿ ಅಂಡರ್‌ಸ್ಕೋರ್ ಝಡ್‌ನಿಂದ ಶುರುವಾಗುವ ಉದ್ದನೆಯ ಹೆಸರು. ಹೆದರಬೇಡ. ಸಿ++ ಕಂಪೈಲರ್ ಆರ್ಗ್ಯುಮೆಂಟ್‌ಗಳ ಟೈಪನ್ನೂ ಫಂಕ್ಷನ್ ಹೆಸರಿನೊಳಗೇ ಹೆಣೆದಿಡುತ್ತದೆ. ‘ಸಿ++ಫಿಲ್ಟ್’ಗೆ ಅದನ್ನು ಕೊಡು, ಓದಬಹುದಾದ ಹೆಸರು ಬರುತ್ತದೆ. ಅದು ನೀನೇ ಬರೆದ ಫಂಕ್ಷನ್ ಆಗಿದ್ದರೆ, ಅದಿರುವ ಫೈಲನ್ನು ಸೆಟಪ್‌ನ ಸೋರ್ಸ್ ಪಟ್ಟಿಗೆ ಬಹುಶಃ ಸೇರಿಸಿಲ್ಲ. ಸಿ ಭಾಷೆಯ ಲೈಬ್ರರಿಯದಾಗಿದ್ದರೆ, ಅದರ ಹೆಡರ್‌ಗೆ ‘ಎಕ್ಸ್‌ಟರ್ನ್ ಸಿ’ ಸುತ್ತಿಲ್ಲ; ಕಂಪೈಲರ್ ಅದನ್ನೂ ಸಿ++ ಎಂದೇ ಭಾವಿಸಿದೆ. ಬೇರೆ ಸಿ++ ಲೈಬ್ರರಿಯದಾದರೆ ಲೈಬ್ರರಿಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡು. ನನಗೆ ಎರಡನೆಯದರ ಮೇಲೇ ಅನುಮಾನ.

ಅದು ಸರಿಹೋದಮೇಲೆ ಡಾಟ್ ಎಸ್‌ಓ ಫೈಲಿನ ಮೇಲೆ ‘ಎಲ್‌ಡಿಡಿ’ ಓಡಿಸು. ಯಾವುದಾದರೂ ಲೈಬ್ರರಿಯ ಮುಂದೆ ‘ನಾಟ್ ಫೌಂಡ್’ ಬಂದರೆ, ‘ಎಲ್‌ಡಿ ಲೈಬ್ರರಿ ಪಾತ್’ ಹೊಂದಿಸಿ ಸುಮ್ಮನಾಗಬೇಡ. ಇನ್ನೊಬ್ಬರ ಯಂತ್ರದಲ್ಲಿ ಆ ಸೆಟ್ಟಿಂಗ್ ಇರುವುದಿಲ್ಲ. ಬಿಲ್ಡ್ ಮಾಡುವಾಗಲೇ ‘ಆರ್‌ಪಾತ್’ ಕೊಡು.

ಸಿ++ಫಿಲ್ಟ್ ಯಾವ ಹೆಸರು ತೋರಿಸಿತೆಂದು ಬರೆ, ಸೆಟಪ್ ಫೈಲನ್ನೂ ಕಳಿಸು. ಭಾನುವಾರ ಬಿಡುವಾಗಿದ್ದೇನೆ, ಇಬ್ಬರೂ ಕೂತು ನೋಡೋಣ.

ನಿನ್ನ ಅಕ್ಕ