ಎಷ್ಟು ವ್ಯಾಟ್?

ಗಿಟಾರ್ ಆಂಪ್ಲಿಫೈಯರ್ ಕೊಳ್ಳಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟ್?’ ಮನೆಯಲ್ಲಿ ಬಾರಿಸುವವರಿಗೆ ಇದು ತಪ್ಪು ಪ್ರಶ್ನೆ ಅಂತ ಗೊತ್ತಾಗೋಕೆ ನನಗೆ ಎರಡು ಖರೀದಿ ಮತ್ತು ಐದು ವರ್ಷ ಬೇಕಾಯ್ತು. ತಪ್ಪು ನಂದಲ್ಲ ಬಿಡಿ. ಆ ಪ್ರಶ್ನೆ ನಮ್ಮ ಮನೆಯ ಪಡಸಾಲೆಯಿಂದಲೇ ಬಂದದ್ದು.

ನಮ್ಮೂರು ಕಡಗಂಚಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿದೆ. ಸೆಂಟ್ರಲ್ ಯೂನಿವರ್ಸಿಟಿ ಇರೋ ಊರು ಅಂದರೆ ಈಗ ನಾಲ್ಕು ಜನರಿಗೆ ಗೊತ್ತಾಗುತ್ತದೆ. ನಾನು ಸಣ್ಣವನಿದ್ದಾಗ ಅದೆಲ್ಲ ಇರಲಿಲ್ಲ, ಕಣ್ಣು ಹಾಯಿಸಿದಷ್ಟೂ ತೊಗರಿ. ಅಪ್ಪನಿಗೆ ಒಂದಿಷ್ಟು ಹೊಲ, ಜೊತೆಗೊಂದು ಮೈಕ್ ಸೆಟ್. ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಎರಡು ಮೈಕು, ವೈರಿನ ದೊಡ್ಡ ಸುರುಳಿ. ಆಂಪ್ಲಿಫೈಯರ್ ಕಲಬುರಗಿಯಲ್ಲಿ ಯಾರೋ ಬಿಡಿಭಾಗ ಕೂಡಿಸಿ ಮಾಡಿಕೊಟ್ಟದ್ದು. ಊರವರು ಮಾತ್ರ ಅದನ್ನೂ ‘ಅಹುಜಾ’ ಅಂತಲೇ ಕರೀತಿದ್ದರು. ನಮ್ಮ ಕಡೆ ಕೂಗುವ ಪೆಟ್ಟಿಗೆಗಳೆಲ್ಲ ಅಹುಜಾನೇ. ಮದುವೆ, ಜಾತ್ರಿ, ಶ್ರಾವಣದ ಭಜನೆ ಎಲ್ಲಕ್ಕೂ ಅದು ಬಾಡಿಗೆಗೆ ಹೋಗುತ್ತಿತ್ತು. ಕರೆಂಟ್ ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ. ಬಾಡಿಗೆ ಕೇಳಲು ಬಂದವರ ಮೊದಲ ಮಾತು: “ಎಷ್ಟ್ ವ್ಯಾಟ್ ಅದ ಮಾಮಾ?”

ಅಪ್ಪ ಆ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯ ಪಕ್ಕ ಕುಂಕುಮದ ಒಂದು ಬೊಟ್ಟು ಇಟ್ಟಿದ್ದ. ಅದನ್ನು ದಾಟಿ ತಿರುಗಿಸಿದರೆ ಹಾರ್ನಿನ ಯೂನಿಟ್ ಸುಡುತ್ತದೆ ಅಂತ. ಜಾತ್ರಿ ರಾತ್ರಿ ಹುಡುಗರು ದಾಟಿಸುತ್ತಿದ್ದರು, ಅದು ಬೇರೆ ಮಾತು. ಆಗ ಭಜನೆಯ ಹಾರ್ಮೋನಿಯಂ ಹಾರ್ನ್ ದಾಟಿ ಹೊಲದ ತನಕ ಬರುವಷ್ಟರಲ್ಲಿ ಹಾರ್ಮೋನಿಯಂ ಆಗಿ ಉಳಿದಿರುತ್ತಿರಲಿಲ್ಲ. ಗರಗಸದ ಹಾಗೆ, ಜೇನುಹುಳದ ಹಿಂಡಿನ ಹಾಗೆ, ದಪ್ಪಗೆ, ಒರಟಾಗಿ ಬರುತ್ತಿತ್ತು. ಹಿರಿಯರು ಬೈಯುತ್ತಿದ್ದರು. ನನಗೆ ಅದೇ ಇಷ್ಟ.

ಕಲಬುರಗಿಯಲ್ಲಿ ಬಿ.ಇ. ಓದುವಾಗ ಹಾಸ್ಟೆಲಿನ ಸೀನಿಯರ್ ಒಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಡೀಪ್ ಪರ್ಪಲ್‌ನ 1972ರ ಆಲ್ಬಂ ‘ಮಷೀನ್ ಹೆಡ್’ ಹಾಕಿದರು. ಉಳಿದವರು “ಏನಿದು ಗಲಾಟೆ” ಅಂದರು. ನನಗೆ ಮಾತ್ರ ಆ ಗಿಟಾರಿನ ದನಿ ಎಲ್ಲೋ ಕೇಳಿದ್ದು ಅನ್ನಿಸಿತು. ಬೊಟ್ಟು ದಾಟಿದ ಅಪ್ಪನ ಮೈಕ್ ಸೆಟ್!

ಆಮೇಲೆ ಓದಿಕೊಂಡ ಮೇಲೆ ಗೊತ್ತಾಯ್ತು, ಅನ್ನಿಸಿದ್ದು ಸುಳ್ಳಲ್ಲ. ರಾಕ್ ಗಿಟಾರಿನ ಆ ಒರಟು ದನಿ ಹುಟ್ಟಿದ್ದೇ ಸಾಮಾನು ಕೆಡಿಸಿಕೊಂಡು. 1958ರ ‘ರಂಬಲ್’ಗಾಗಿ ಲಿಂಕ್ ರೇ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿದ. ಕಿಂಕ್ಸ್ ಬ್ಯಾಂಡಿನ ಡೇವ್ ಡೇವೀಸ್ 1964ರಲ್ಲಿ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ನಮ್ಮೂರಲ್ಲಿ ಇದೇ ಕೆಲಸ ಮಾಡಿದವರಿಗೆ ಅಪ್ಪ ಡಿಪಾಜಿಟ್ ವಾಪಸ್ ಕೊಡುತ್ತಿರಲಿಲ್ಲ.

ಬೆಂಗಳೂರಿಗೆ ಬಂದೆ, ಕೆಲಸ ಸಿಕ್ಕಿತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದೆ. ಮುಂದಿನ ತಿಂಗಳ ಸಂಬಳದಲ್ಲಿ ಗಿಟಾರ್. ಆಂಪ್ ತೆಗೆದುಕೊಳ್ಳುವ ಧೈರ್ಯ ಬಂದದ್ದು ಮದುವೆಯಾಗಿ, ಲೋನ್ ಮಾಡಿ, ಎರಡು ಬೆಡ್‌ರೂಮಿನ ಫ್ಲ್ಯಾಟ್ ಮಾಡಿದ ಮೇಲೆ. ವಿದೇಶಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರ ಹತ್ತಿರ ಹದಿನೈದು ವ್ಯಾಟಿನ ವಾಲ್ವ್ ಆಂಪ್ ಇತ್ತು. ಹದಿನೈದೇ ತಾನೆ, ಅಪ್ಪನದು ಇದರ ಹತ್ತಾರು ಪಟ್ಟು ಇತ್ತಲ್ಲ ಅಂತ ತಗೊಂಡೆ.

ಇಲ್ಲಿ ಸ್ವಲ್ಪ ಲೆಕ್ಕ. ವ್ಯಾಟ್ ಅಂದರೆ ಸದ್ದಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಂದರೆ ನೂರು ವ್ಯಾಟಿನ ಆಂಪ್ ಹತ್ತು ವ್ಯಾಟಿನದಕ್ಕಿಂತ ಎರಡೇ ಪಟ್ಟು ಜೋರು. ಇನ್ನು ಗಿಟಾರ್ ಸ್ಪೀಕರುಗಳೋ, ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 95ರಿಂದ 100 ಡೆಸಿಬಲ್ ಕೂಗುವಂಥವು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಇಟ್ಟಿರುವ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್. ನೀವೇ ಹೇಳಿ, ಹದಿನೈದು ವ್ಯಾಟ್ ಇಟ್ಟುಕೊಂಡು ನಾನೇನು ಮಾಡಲಿ?

ಮೆಲ್ಲಗೆ ಬಾರಿಸಿ ಅಂತೀರಿ. ವಾಲ್ವಿನ ಗುಣವೇ ಅದಕ್ಕೆ ವಿರುದ್ಧ. ಅದನ್ನು ಅದರ ಶಕ್ತಿ ಮೀರಿ ದುಡಿಸಿದಾಗಲೇ ದನಿಯ ಅಲೆಯ ತುದಿಗಳು ಮೆತ್ತಗೆ ದುಂಡಾಗಿ, ನಾವು ಪ್ರೀತಿಸುವ ಆ ಒರಟುತನ ಬರುವುದು. 1960ರ ದಶಕದಲ್ಲಿ ಸಭಾಂಗಣದ ಮೈಕ್ ಸೆಟ್ ಹಾಡುಗಾರನ ದನಿಗೇ ಸಾಲುತ್ತಿರಲಿಲ್ಲ. ಗಿಟಾರಿನವರು ತಮ್ಮ ಆಂಪಿನಿಂದಲೇ ಇಡೀ ಹಾಲ್ ತುಂಬಬೇಕಿತ್ತು. ಹಾಗಾಗಿ ಮಾರ್ಷಲ್ ಕಂಪನಿ 1965ರ ಹೊತ್ತಿಗೆ ದ ಹೂ ಬ್ಯಾಂಡಿನವರಿಗಾಗಿ ನೂರು ವ್ಯಾಟಿನವನ್ನು ಮಾಡಿಕೊಟ್ಟಿತು. ಅವನ್ನು ಪೂರ್ತಿ ತಿರುಗಿಸಿದಾಗ ಹುಟ್ಟಿದ ದನಿಯೇ ಕ್ಲಾಸಿಕ್ ರಾಕ್. ನಾವೀಗ ಆ ಹಾಲಿನ ದನಿಯನ್ನು ಹತ್ತು ಬೈ ಹನ್ನೊಂದರ ಬೆಡ್‌ರೂಮಿನಲ್ಲಿ ಕೇಳೋಕೆ ಹೊರಟಿದ್ದೀವಿ.

ನನ್ನ ಆಂಪಿನ ಗುಂಡಿ ಒಂದನ್ನು ದಾಟಲೇ ಇಲ್ಲ. ಒಂದರಲ್ಲಿ ಸಪ್ಪಗೆ, ಒಂದೂವರೆಯಲ್ಲಿ ಕೆಳಗಿನ ಮನೆಯ ಅಂಕಲ್ ಬಾಗಿಲಲ್ಲಿ. ಮೂರನೇ ಸಲ ಅವರು ಬಂದಾಗ ಬೈಯಲಿಲ್ಲ, “ಮೊಮ್ಮಗಳಿಗೆ ಪರೀಕ್ಷೆ ಇದೆ ಕಣಪ್ಪಾ” ಅಂದರು. ಆ ವಾರವೇ ಮಾರಿದೆ.

ಎರಡನೇ ಖರೀದಿ ಹೆಡ್‌ಫೋನ್. ಲ್ಯಾಪ್‌ಟಾಪಿನೊಳಗೆ ಸಾಫ್ಟ್‌ವೇರ್ ಆಂಪ್. ವಾಲ್ವಿನ ವರ್ತನೆಯನ್ನೆಲ್ಲ ಗಣಿತ ಮಾಡಿ ಹೊರಗೆ ಕೊಡುತ್ತದೆ. ಬೆಳಗ್ಗೆಯಿಂದ ಕೋಡ್ ಬರೆದು, ರಾತ್ರಿ ಇನ್ಯಾರೋ ಬರೆದ ಕೋಡಿನೊಳಗೆ ಗಿಟಾರ್ ಬಾರಿಸುವುದು. ದನಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮೂರು ವರ್ಷ ಹಾಗೇ ಕಳೆದೆ. ಹೆಂಡತಿಗೆ ಕೇಳಿಸುತ್ತಿದ್ದದ್ದು ತಂತಿಯ ಟಿಕ್ ಟಿಕ್ ಮಾತ್ರ. “ಹಲ್ಲಿ ಲೊಚಗುಟ್ಟಿದ ಹಾಗೆ ಕೇಳುತ್ತೆ” ಅಂತಿದ್ದಳು.

ಹೋದ ವರ್ಷ ಅಪ್ಪನನ್ನು ಕಿವಿ ತೋರಿಸಲು ಕರೆಸಿಕೊಂಡೆ. ಫೋನಿನಲ್ಲಿ ಏನು ಕೇಳಿದರೂ ಇನ್ನೇನೋ ಉತ್ತರ ಬರತೊಡಗಿತ್ತು. ‘ಮಳಿ ಆತೇನಪಾ’ ಅಂದರೆ ‘ಊಟ ಆತು’ ಅನ್ನುತ್ತಿದ್ದ. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹಾಳೆಯ ಮೇಲಿನ ಗೆರೆ ತಗ್ಗು ಸ್ವರಗಳಲ್ಲಿ ಸುಮಾರಾಗಿ ಸಮ, 3000 ಹರ್ಟ್ಜ್ ದಾಟಿದ ಮೇಲೆ ಬಾವಿಗೆ ಬಿದ್ದ ಹಾಗೆ ಕೆಳಗೆ. ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲುವುದೇ 4000ದ ಆಸುಪಾಸಿನಲ್ಲಂತೆ. 85 ಡೆಸಿಬಲ್ಲಿಗೆ ದಿನಕ್ಕೆ ಎಂಟು ತಾಸು ಮಿತಿ, ಪ್ರತಿ 3 ಡೆಸಿಬಲ್ ಏರಿದಾಗ ಅರ್ಧಕ್ಕರ್ಧ ತಾಸು ಕಡಿಮೆ ಅನ್ನುವುದು ಲೆಕ್ಕ. ಅಪ್ಪ ಹಾರ್ನ್ ಕಟ್ಟಿದ ಕಂಬದ ಕೆಳಗೇ ಮಲಗುತ್ತಿದ್ದ, ವೈರ್ ಯಾರಾದರೂ ಕಿತ್ತುಕೊಂಡು ಹೋದಾರು ಅಂತ. ನನ್ನ ಬಿ.ಇ. ಫೀಸಿನಲ್ಲಿ ಅಂಥ ಎಷ್ಟು ರಾತ್ರಿಗಳಿದ್ದವೋ, ಆ ಲೆಕ್ಕ ನಾನು ಹಾಕಿಲ್ಲ.

ಮಷೀನ್ ಮಾಡಿಸಿಕೊಟ್ಟೆ. ಹಾಕಿಕೊಂಡರೆ ತಲೆಯೊಳಗೆ ಕುಂಯ್ ಅಂತದ ಅಂತ ಮನೆಯಲ್ಲಿ ತೆಗೆದಿಡುತ್ತಿದ್ದ. ಒಂದು ರಾತ್ರಿ ನಾನು ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಿರುವಾಗ ಎದುರು ಬಂದು ಕೂತ. ಹತ್ತು ನಿಮಿಷ ನನ್ನ ಬೆರಳು ನೋಡಿದ. ಆಮೇಲೆ ಕೇಳಿದ: “ಸಪ್ಪಳಾನೇ ಬರ್ತಿಲ್ಲೋ, ನಂಗ ಕೇಳಸವಲ್ದೋ?”

ಹೆಡ್‌ಫೋನ್ ತೆಗೆದಿಟ್ಟೆ. ಮಾರನೇ ಶನಿವಾರ ಇಬ್ಬರೂ ಅಂಗಡಿಗೆ ಹೋದೆವು.

ಈ ಸಲ ವ್ಯಾಟ್ ಕೇಳಲಿಲ್ಲ. ನಾನು ದಿನಾ ಬಾರಿಸಬಹುದಾದ ಸದ್ದು ಎಷ್ಟು, ಆ ಸದ್ದಿನಲ್ಲಿ ಇದು ಹೇಗೆ ಕೇಳುತ್ತದೆ ಅಂತ ಕೇಳಿದೆ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಅಂಗೈಗಿಂತ ಸ್ವಲ್ಪ ದೊಡ್ಡದು, ಮೂರು ಇಂಚಿನ ಸ್ಪೀಕರ್, ಸೆಲ್ ಹಾಕಿದರೂ ನಡೆಯುತ್ತದೆ. ಪ್ರಯಾಣಕ್ಕೆ ಸೈ. ಯಮಾಹಾ ಟಿಎಚ್‌ಆರ್ 10 ಮನೆಗೆಂದೇ ಮಾಡಿದ್ದು, ಮೆಲ್ಲನೆಯ ಸದ್ದಿನಲ್ಲೂ ತುಂಬಿಕೊಂಡು ಕೇಳುತ್ತದೆ. ಒಬ್ಬನೇ ಆಗಿದ್ದರೆ ಅದನ್ನೇ ತರುತ್ತಿದ್ದೆ. ಅದರ ಸ್ಪೀಕರುಗಳು ಮಾತ್ರ ಎಂಟು ಸೆಂಟಿಮೀಟರಿನವು. ಬಾಸ್ ಕಟಾನಾ 50ರಲ್ಲಿ ಹನ್ನೆರಡು ಇಂಚಿನ ಸ್ಪೀಕರ್, ಜೊತೆಗೆ ಐವತ್ತು ವ್ಯಾಟನ್ನು ಅರ್ಧ ವ್ಯಾಟಿಗೆ ಇಳಿಸುವ ಒಂದು ಸ್ವಿಚ್.

ಮೆಲ್ಲಗೆ ಬಾರಿಸಿದಾಗ ರಾಕ್ ಸಪ್ಪಗಾಗುವುದಕ್ಕೆ ನಮ್ಮ ಕಿವಿಯೂ ಕಾರಣ. ಸದ್ದು ಇಳಿದಷ್ಟೂ ತಗ್ಗು ಸ್ವರಗಳು ಕಿವಿಗೆ ಹೆಚ್ಚು ಕಳೆದುಹೋಗುತ್ತವೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಮನೆಯಲ್ಲಿ ಬಾರಿಸುವಾಗ ಬೇಸ್ ಸ್ವಲ್ಪ ಏರಿಸಬೇಕು, ಗೇನ್ ಮತ್ತು ಮಾಸ್ಟರ್ ಬೇರೆ ಬೇರೆ ಗುಂಡಿ ಇರಬೇಕು. ಗೇನ್ ಅಂದರೆ ಬ್ಯಾಳಿಗೆ ಎಷ್ಟು ಖಾರ ಅನ್ನುವುದು, ಮಾಸ್ಟರ್ ಅಂದರೆ ಎಷ್ಟು ಮಂದಿಗೆ ಬಡಿಸುತ್ತೀರಿ ಅನ್ನುವುದು. ಮಾರ್ಷಲ್‌ನವರು ಈ ಮಾಸ್ಟರ್ ಗುಂಡಿ ಕೊಟ್ಟದ್ದೇ 1975ರಲ್ಲಿ. ಅಲ್ಲಿಯವರೆಗೆ ಖಾರ ಬೇಕಾದವರು ಊರಿಗೆಲ್ಲ ಅಡುಗೆ ಮಾಡಬೇಕಿತ್ತು.

ಇನ್ನೊಂದು ವಿಷಯ ನನಗೆ ಅಂಗಡಿಯಲ್ಲಿ ಹೊಳೆಯಿತು. ಗಿಟಾರ್ ಸ್ಪೀಕರು 5000 ಹರ್ಟ್ಜ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ, ಗಿಟಾರಿನ ದಪ್ಪ ತಂತಿಯೋ 82 ಹರ್ಟ್ಜ್. ಅಪ್ಪನ ಕಿವಿ ಕೈಬಿಟ್ಟ ಜಾಗದ ಹತ್ತಿರವೇ ಸ್ಪೀಕರ್ ಕೂಡ ಕೈಬಿಡುತ್ತದೆ. ಮಾತು ಕೇಳಿಸದ ಅಪ್ಪನಿಗೆ ಇದು ಬಹುಪಾಲು ಕೇಳಿಸಬಹುದು.

ಕಟಾನಾ ತಂದೆವು. ಸಂಜೆ ಏಳೂವರೆ. ಕೆಳಗಿನ ಮನೆಗೆ ಮೊದಲೇ ಹೋಗಿ ಎಂಟರೊಳಗೆ ಮುಗಿಸುತ್ತೇನೆ ಅಂತ ಹೇಳಿ ಬಂದೆ. ಅಪ್ಪ ಪೆಟ್ಟಿಗೆಯ ಹಿಂದೆ ಮುಂದೆ ನೋಡಿದ. ಅವನ ಪ್ರಶ್ನೆ ಬಂದೇ ಬಂತು.

“ಎಷ್ಟ್ ವ್ಯಾಟ್?”

“ಐವತ್ತಪ್ಪಾ. ಅರ್ಧ ವ್ಯಾಟಿಗೆ ಇಟ್ಟೀನಿ.”

“ಎಷ್ಟು?”

“ಅರ್ಧ! ಅರ್ಧಾ ವ್ಯಾಟ್!” ಅಂತ ಕಿರುಚಿದೆ. ಆ ಸಂಜೆ ನಮ್ಮ ಮನೆಯಿಂದ ಹೊರಟ ಅತಿ ದೊಡ್ಡ ಸದ್ದು ಅದೇ ಇರಬೇಕು.

“ಇಷ್ಟ್ ರೊಕ್ಕ ಕೊಟ್ಟು ಅರ್ಧಾ ವ್ಯಾಟ್ ತಂದ್ಯಾ ತಮ್ಮಾ” ಅಂತ ನಕ್ಕ. ನಾನು ಡೀಪ್ ಪರ್ಪಲ್‌ನ ಆ ನಾಲ್ಕು ಸ್ವರಗಳ ತುಣುಕು ಬಾರಿಸಿದೆ, ಎಲ್ಲರೂ ಮೊದಲು ಕಲಿಯುವುದು. ಅಪ್ಪ ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಊರಿ ಕೂತ. ಮುಗಿದ ಮೇಲೆ ಹೇಳಿದ: “ಯೂನಿಟ್ ಹೋದಂಗ ಕೇಳಸ್ತದ.” ಒಂದು ಕ್ಷಣ ಬಿಟ್ಟು, “ಜಾತ್ರ್ಯಾಗಿಂದು.”

ನಾನು ತಲೆ ಆಡಿಸಿದೆ. ಅವನ ಕೈ ಮಾಸ್ಟರ್ ಗುಂಡಿಗೆ ಹೋಯಿತು. ಕೂದಲೆಳೆಯಷ್ಟು ಏರಿಸಿದ, ಇಳಿಸಿದ, ಮತ್ತೆ ಒಂದಿಷ್ಟು ಏರಿಸಿದ. ಬಾಗಿಲ ಹೊರಗೆ ಹೋಗಿ ನಿಂತು ನನ್ನ ಹೆಂಡತಿಯನ್ನು ಕೇಳಿದ, “ಇಲ್ಲಿ ತನಕ ಜೋರ್ ಬರ್ತದೇನವಾ?” ಇಲ್ಲ ಮಾವ ಅಂದಳು. ಒಳಗೆ ಬಂದು ದೇವರ ಮುಂದಿನ ಕುಂಕುಮದ ಬಟ್ಟಲಿಗೆ ಬೆರಳದ್ದಿ ಗುಂಡಿಯ ಪಕ್ಕ ಒಂದು ಬೊಟ್ಟಿಟ್ಟ.

ಅಪ್ಪ ಊರಿಗೆ ಹೋಗಿ ಆರು ತಿಂಗಳಾಯ್ತು. ಗೇನ್ ಮನಸ್ಸಿಗೆ ಬಂದಷ್ಟು ತಿರುಗಿಸುತ್ತೇನೆ. ಮಾಸ್ಟರ್ ಒಂದೆರಡು ಸಲ ಬಿಟ್ಟರೆ ಬೊಟ್ಟು ದಾಟಿಲ್ಲ. ಆ ಒಂದೆರಡು ಸಲ ಕೆಳಗಿನ ಅಂಕಲ್ ಊರಲ್ಲಿರಲಿಲ್ಲ.