ರೈಲು ಸರಿ, ಡಬ್ಬಿ ತಪ್ಪು!

ನಮ್ಮ ಹಾನಗಲ್ಲಿಗೆ ರೈಲಿಲ್ಲ. ಶಿಗ್ಗಾಂವಿಗಿಲ್ಲ, ಹಿರೇಕೆರೂರಿಗಿಲ್ಲ. ಸವಣೂರಿನವರು ಮಾತ್ರ ಯಲವಿಗಿ ಸ್ಟೇಷನ್ ತೋರಿಸಿ ಮೀಸೆ ತಿರುವುತ್ತಾರೆ! ಇಂಥಾ ಸೀಮೆಯ ನಾನು 2012ರಲ್ಲಿ ಕಂಪನಿ ಕೆಲಸಕ್ಕೆಂದು ಸ್ವಿಟ್ಜರ್‌ಲೆಂಡಿಗೆ ಹೋದವನು, ರಜೆಯ ದಿನ ಒಬ್ಬನೇ ರೈಲು ಹತ್ತಿದೆ. ಗುರಿ ಝ್ವೈಸಿಮ್ಮೆನ್ ಸ್ಟೇಷನ್. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯಲ್ಲಿ ಶಾರುಖ್, ಕಾಜೋಲ್ ರೈಲು ತಪ್ಪಿಸಿಕೊಂಡದ್ದು ಅಲ್ಲೇ ಅಲ್ಲವೇ!

ಬರ್ನ್ ಸ್ಟೇಷನ್ನಿನಲ್ಲಿ ಗೇಟಿಲ್ಲ, ಟಿಕೆಟ್ ಕೇಳುವವರಿಲ್ಲ. ರೈಲು ಬಂದು ನಿಂತರೂ ಬಾಗಿಲು ತೆರೆಯಲಿಲ್ಲ. ನಾನು ಬಸವಣ್ಣನಂತೆ ನಿಂತೇ ಇದ್ದೆ. ಹಿಂದಿದ್ದ ಅಜ್ಜಿ ಗುಂಡಿ ಒತ್ತಿದಳು, ತೆರೆಯಿತು. (ನಮ್ಮ ಪ್ಯಾಸೆಂಜರ್ ಗಾಡಿಯ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿದ್ದೇ ಕಮ್ಮಿ!) ಯಲವಿಗಿಯಲ್ಲಿ ಹತ್ತಿದಂತೆ, ಎದುರಿಗೆ ಸಿಕ್ಕ ಡಬ್ಬಿ ಹತ್ತಿ ಕೂತೆ.

ಷ್ಪೀಟ್ಸ್‌ನಲ್ಲಿ ರೈಲು ನಿಂತಿತು. ಕೆಳಗೆ ಸರೋವರ. ಬಾಯಿ ಬಿಟ್ಟು ನೋಡುತ್ತ ಕೂತಿದ್ದಾಗಲೇ ರೈಲನ್ನು ಎರಡು ತುಂಡು ಮಾಡಿದ್ದರು! ಒಂದು ತುಂಡು ಝ್ವೈಸಿಮ್ಮೆನ್‌ಗೆ, ಇನ್ನೊಂದು ಬ್ರಿಗ್‌ಗೆ. ನಾನಿದ್ದದ್ದು ಬ್ರಿಗ್ ತುಂಡಿನಲ್ಲಿ. ಕಂಡಕ್ಟರ್ ಬಂದು ಟಿಕೆಟ್ ನೋಡಿ ತಲೆ ಅಲ್ಲಾಡಿಸಿದಾಗಲೇ ಗೊತ್ತಾದದ್ದು. ಜೇಬಿನಲ್ಲಿ ನಲವತ್ತು ಫ್ರಾಂಕ್. ದಂಡ ಹಾಕಿದರೆ ರಾತ್ರಿ ಉಪವಾಸ. ಎದೆ ಡವಡವ! ಪುಣ್ಯಾತ್ಮ, ಟಿಕೆಟ್ಟಿನ ಹಿಂದೆ ಏನೋ ಗೀಚಿ, ಫ್ರುಟಿಗೆನ್‌ನಲ್ಲಿ ಇಳಿಸಿ, ವಾಪಸ್ ಹೋಗೆಂದು ಕೈ ತೋರಿಸಿದ.

ಡಬ್ಬಿ ಡಬ್ಬಿಗೂ ಊರಿನ ಬೋರ್ಡಿತ್ತು, ಓದಿದರೆ ತಾನೆ! ನೀವು ಹೋದರೆ ರೈಲನ್ನಲ್ಲ, ಡಬ್ಬಿಯ ಬೋರ್ಡ್ ನೋಡಿ ಹತ್ತಿ.

ಝ್ವೈಸಿಮ್ಮೆನ್ ಮುಟ್ಟಿದಾಗ ಸಂಜೆ. ಹಿರೇಕೆರೂರಿನ ಗೆಳೆಯನಿಗೆ ಫೋನ್ ಮಾಡಿದೆ.

“ಕಾಜೋಲ್ ಸಿಕ್ಕಳೇನಲೇ?” ಅಂದ.

“ಆಕೀನ್ನ ಬಿಡೋ ಮಾರಾಯಾ, ಟ್ರೇನ್ ಸಿಕ್ಕಿದ್ದ ದೊಡ್ಡದು!”