ಮೂವತ್ತೇಳರಲ್ಲಿ ಹಿಡಿದ ಸೂಜಿ

ಚಿತ್ರವೆಂದೊಡನೆ ಬಣ್ಣದ ನೆನಪಾಗುವುದು ಸಹಜ. ಆದರೆ ಬಣ್ಣದ ಹಂಗಿಲ್ಲದೆ, ಬರಿಯ ಕಪ್ಪು ಗೆರೆಗಳಿಂದಲೇ ಕೊಳ, ಮರ, ಮುಗಿಲುಗಳನ್ನು ಕಣ್ಣಿಗೆ ಕಟ್ಟುವಂತೆ ಮಾಡುವ ವಿದ್ಯೆಯೊಂದುಂಟು. ಅದಕ್ಕೆ ಎಚಿಂಗ್ ಎಂದು ಹೆಸರು. ತಾಮ್ರದ ತಗಡಿಗೆ ಮೇಣದ ಲೇಪವನ್ನು ಕೊಟ್ಟು, ಸೂಜಿಯಿಂದ ಅದರ ಮೇಲೆ ಚಿತ್ರವನ್ನು ಗೀಚಿ, ಆಮ್ಲದಲ್ಲಿ ಮುಳುಗಿಸುವರು. ಲೇಪವು ಹೋದ ಕಡೆಯಲ್ಲಿ ಮಾತ್ರ ಆಮ್ಲವು ತಾಮ್ರವನ್ನು ಕೊರೆಯುವುದು. ಬಳಿಕ ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ತೇವದ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಎಡಬಲವಾಗಿ ಮೂಡುವುದು.

ಈ ವಿದ್ಯೆಯಲ್ಲಿ ಕೀರ್ತಿವಂತಳಾದ ಮೇರಿ ನಿಮ್ಮೊ ಮೊರಾನ್ ಎಂಬಾಕೆ 1842ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಯನ್ನು ಸೇರಿದವಳು. ಪತಿ ಥಾಮಸ್ ಮೊರಾನನು ಹೆಸರಾಂತ ಚಿತ್ರಕಾರ. ಅವನ ಪ್ರೋತ್ಸಾಹದಿಂದ 1879ರಲ್ಲಿ ಆಕೆ ಎಚಿಂಗನ್ನು ಕಲಿತಳು. ಆಗ ಆಕೆಗೆ ಮೂವತ್ತೇಳು ವಯಸ್ಸು. ಮೂವರು ಮಕ್ಕಳ ತಾಯಿ. ತಗಡನ್ನು ಬಯಲಿಗೆ ಕೊಂಡೊಯ್ದು, ನಿಸರ್ಗದ ಎದುರಿನಲ್ಲಿಯೇ ಕುಳಿತು ಗೀಚುತ್ತಿದ್ದಳು. 1883ರ ಚಿತ್ರವೊಂದಕ್ಕೆ ಮುಸ್ಸಂಜೆಗೂ ಕತ್ತಲೆಗೂ ನಡುವಣ ಹೊತ್ತನ್ನು ಸೂಚಿಸುವ ಹೆಸರನ್ನು ತನ್ನ ಹುಟ್ಟುನಾಡಿನ ನುಡಿಯಲ್ಲಿಯೇ ಇಟ್ಟಳು. ನಾವು ಗೋಧೂಳಿಯೆಂದು ಕರೆಯುವ ಹೊತ್ತು ಅದೇ.

ಕಲಿತ ಎರಡೇ ವರ್ಷಗಳಲ್ಲಿ, 1881ರಲ್ಲಿ, ಲಂಡನ್ನಿನ ಪೇಂಟರ್-ಎಚರ್ಸ್ ಸಂಘವು ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಮೊದಲ 65 ಸದಸ್ಯರಲ್ಲಿ ಹೆಂಗಸು ಆಕೆಯೊಬ್ಬಳೇ. ಸಹಿಯಲ್ಲಿ ಮೊದಲ ಹೆಸರಿನ ಒಂದೇ ಅಕ್ಷರವಿದ್ದುದರಿಂದ ಸಂಘದವರು ಅದನ್ನು ಗಂಡಸಿನ ಹೆಸರೆಂದೇ ಭಾವಿಸಿದ್ದರು. ಗೆರೆಗಳನ್ನು ನೋಡಿ ಮೆಚ್ಚಿದವರಿಗೆ ಕೈ ಯಾರದೆಂಬ ಚಿಂತೆ ಹುಟ್ಟಲಿಲ್ಲವಷ್ಟೆ!

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳನ್ನು ಸೇರಿಸಲು ಬಂದಿದ್ದಳು. ಶಾಲೆಯಲ್ಲಿದ್ದಾಗ ಅವಳ ಚಿತ್ರಗಳನ್ನು ಎಲ್ಲರೂ ಹೊಗಳುತ್ತಿದ್ದರು. ಈಗಲೂ ಬರೆಯುತ್ತೀಯಾ ಎಂದು ಕೇಳಿದೆನು. "ಮನೆ, ಮಕ್ಕಳು ಎಂದು ಬಿಟ್ಟೇ ಹೋಯಿತು, ಟೀಚರ್. ಇನ್ನೇನು, ವಯಸ್ಸಾಯಿತು" ಎಂದಳು. ಅವಳಿಗಿನ್ನೂ ಮೂವತ್ತಾರು. ನಾನು ಮೇರಿಯ ಕಥೆಯನ್ನು ಹೇಳಿದೆನು. ಅವಳು ನಕ್ಕು, "ನೋಡೋಣ, ಟೀಚರ್" ಎಂದಳು. ಆ 'ನೋಡೋಣ'ದಲ್ಲಿ ನನಗೆ ಪೂರ್ಣ ನಂಬಿಕೆ ಬರಲಿಲ್ಲ; ಆದುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೇರಿಯು ಸಂಸಾರವನ್ನು ತೊರೆದು ಕಲೆಯನ್ನು ಹಿಡಿದವಳಲ್ಲ. 1899ರಲ್ಲಿ ಟೈಫಾಯಿಡ್ ಜ್ವರದಲ್ಲಿ ಮಲಗಿದ್ದ ಮಗಳಿಗೆ ಶುಶ್ರೂಷೆ ಮಾಡಿ, ತಾನೇ ಆ ರೋಗಕ್ಕೆ ತುತ್ತಾದವಳು. ಆದರೆ ಆಕೆಯ ಮನೆಯಲ್ಲಿ ಸೂಜಿಗೂ ತಗಡಿಗೂ ಎಡೆಯಿತ್ತು. ಕಲಿಸಲು, ಹುರಿದುಂಬಿಸಲು ಒಬ್ಬ ಪತಿಯಿದ್ದನು.

ಪೋಷಕರೇ, ನಮ್ಮ ಹೆಣ್ಣುಮಕ್ಕಳ ಚಿತ್ರದ ಪುಸ್ತಕವನ್ನು ಪರೀಕ್ಷೆ ಮುಗಿದೊಡನೆ ಅಟ್ಟಕ್ಕೆ ಏರಿಸದಿರಿ. ಹಳೆಯ ವಿದ್ಯಾರ್ಥಿನಿಯರೇ, ದಿನಕ್ಕೆ ಅರ್ಧ ಗಂಟೆಯನ್ನೂ ಮೇಜಿನ ಒಂದು ಮೂಲೆಯನ್ನೂ ನಿಮಗಾಗಿ ಕೇಳಿಕೊಳ್ಳಿರಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.